ದರ ಬದಲಾದಾಗ ಟ್ಯಾಲಿಪ್ರೈಮ್: ಕಿರಾಣಿ ಅಂಗಡಿಗೆ ಸಾಕೆ?

2025ರ ಸೆಪ್ಟೆಂಬರ್ 22ರಂದು ಶಾಂಪೂ, ಸೋಪು, ಟೂತ್‌ಪೇಸ್ಟ್‌ಗಳ ಜಿಎಸ್‌ಟಿ ಶೇ. 18ರಿಂದ 5ಕ್ಕೆ, ತುಪ್ಪ-ಬೆಣ್ಣೆಯದು ಶೇ. 12ರಿಂದ 5ಕ್ಕೆ ಇಳಿಯಿತು. ಇಂಥ ಹೊತ್ತಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿಪ್ರೈಮ್ ಒಳ್ಳೆಯ ಆಯ್ಕೆಯೇ. ಸ್ಟಾಕ್ ಐಟಂನಲ್ಲಿ, ಅಂದರೆ ಆಯಾ ಸರಕಿನ ವಿವರದ ದಾಖಲೆಯಲ್ಲಿ (ಮಾಸ್ಟರ್), ಹೊಸ ದರವನ್ನು ಜಾರಿ ದಿನಾಂಕದೊಂದಿಗೆ ಸೇರಿಸಬಹುದು, ಹಳೆಯದೂ ಉಳಿಯುತ್ತದೆ. ಹಳೆಯದರ ಮೇಲೆಯೇ ತಿದ್ದಿದಿರೋ, ಆಗಸ್ಟ್ ಬಿಲ್‌ಗಳು ಮಾಸ್ಟರ್‌ಗೆ ತಾಳೆಯಾಗುವುದಿಲ್ಲ.

ಎಡವುವುದು ಬೆಲೆಯಲ್ಲಿ. ತೆರಿಗೆ ಸೇರಿ 118 ರೂಪಾಯಿ ಇದ್ದ ಶಾಂಪೂ 105 ಆಗಬೇಕು. ದರ ಮಾತ್ರ ಬದಲಿಸಿ 118ನ್ನೇ ಬಿಟ್ಟರೆ ಮೂಲಬೆಲೆ 100ರಿಂದ 112.38ಕ್ಕೆ ಏರುತ್ತದೆ, ಗಿರಾಕಿಗೆ ಒಂದು ಪೈಸೆಯೂ ಇಳಿಯುವುದಿಲ್ಲ. ಸಾಫ್ಟ್‌ವೇರ್ ಇದನ್ನು ತಾನಾಗಿ ಸರಿಪಡಿಸೀತು ಎಂದುಕೊಳ್ಳಬೇಡಿ, ಬೆಲೆಪಟ್ಟಿಗೂ ಹೊಸ ದಿನಾಂಕ ಕೊಡಿ.

ಆಗಸ್ಟ್‌ನಲ್ಲಿ ಮಾರಿದ ಶಾಂಪೂ ಅಕ್ಟೋಬರ್‌ನಲ್ಲಿ ವಾಪಸ್ ಬಂದರೆ ಕ್ರೆಡಿಟ್ ನೋಟ್ (ವಾಪಸಿಗೆ ಅಂಗಡಿ ಕೊಡುವ ಚೀಟಿ) ಶೇ. 18ರಲ್ಲೇ ಇರಬೇಕು. ದಿನಾಂಕ ನೋಡಿ 5 ಬಿದ್ದಿದ್ದರೆ ಕೈಯಾರೆ ತಿದ್ದಿ.

ಮುಂಗಡದ ತಕರಾರು ಮಾತ್ರ ಅಕೌಂಟೆಂಟ್ ತಲೆಗೇ. ಸರಕು ಕೊಡುವುದು ಸೆಪ್ಟೆಂಬರ್ 22ರ ನಂತರವಾದರೆ, ಬಿಲ್ಲೂ ಹಣವೂ ಎರಡೂ ಮೊದಲೇ ಆಗಿದ್ದರಷ್ಟೇ ಹಳೆಯ ದರ. ಎರಡರಲ್ಲಿ ಒಂದು ಈಚೆಗಾದರೂ ಹೊಸ ದರ. ಶೇ. 18ರಲ್ಲಿ ಕೊಂಡ ದಾಸ್ತಾನಿನ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ತೆರಿಗೆಯ ಜಮೆ) ಲೆಡ್ಜರ್‌ನಲ್ಲಿ ಉಳಿಯುತ್ತದೆ, ಮುಂದಿನ ತೆರಿಗೆಗೆ ವಜಾ ಮಾಡಿಕೊಳ್ಳಬಹುದು. ದರ ಇಳಿದ ಒಂದೇ ಕಾರಣಕ್ಕೆ ಅದು ನಗದಾಗಿ ವಾಪಸ್ ಸಿಗುವುದಿಲ್ಲ.