ಹೀಪ್‌ಟ್ರ್ಯಾಕ್, ಎರಡು ವರ್ಷದ ನಂತರ: ಓಡುವ ಸರ್ವರ್‌ಗೆ ಮಾತ್ರ ಸಿಕ್ಕಿಸಬೇಡಿ

ಪ್ರೋಗ್ರಾಂನ ಯಾವ ಭಾಗ ಎಷ್ಟು ಮೆಮೊರಿ ಕೇಳುತ್ತಿದೆ ಅಂತ ಲಿನಕ್ಸ್‌ನಲ್ಲಿ ದಾಖಲಿಸುವ ಟೂಲ್ ಹೀಪ್‌ಟ್ರ್ಯಾಕ್. ಜಯನಗರದಲ್ಲಿ ನಾಲ್ಕು ಜನರ ಆಫೀಸು ನಮ್ಮದು. ಅಂಗಡಿಗಳ ಬಿಲ್ಲಿಂಗ್ ನೋಡಿಕೊಳ್ಳುತ್ತೇವೆ. ಇರೋದು ಒಂದೇ ಮೈಎಸ್‌ಕ್ಯುಎಲ್ ಡೇಟಾಬೇಸ್ ಸರ್ವರ್, 8 ಜಿಬಿ ಮೆಮೊರಿ. ಬಫರ್ ಪೂಲ್‌ಗೆ (ಅದು ಡೇಟಾ ಇಟ್ಟುಕೊಳ್ಳುವ ಮೆಮೊರಿ) 4 ಜಿಬಿ ಕೊಟ್ಟಿದ್ದರೂ ವಾರ ಕಳೆಯುವಷ್ಟರಲ್ಲಿ 7 ದಾಟುತ್ತಿತ್ತು, ಆಮೇಲೆ ಲಿನಕ್ಸೇ ಅದನ್ನು ಮುಗಿಸಿಬಿಡುತ್ತಿತ್ತು.

ಮೊದಲು ಇದೇ ಕೆಲಸದ ಇನ್ನೊಂದು ಟೂಲ್ ಮ್ಯಾಸಿಫ್ ಹಾಕಿ ನೋಡಿದೆ. ವ್ಯಾಲ್‌ಗ್ರೈಂಡ್ ಅನ್ನೋ ನಿಧಾನದ ಸಿಮ್ಯುಲೇಟರ್ ಒಳಗೆ ಓಡೋದಲ್ವಾ, ಸರ್ವರ್ ತೆವಳುತ್ತಿತ್ತು. ಹೀಪ್‌ಟ್ರ್ಯಾಕ್ ಅಷ್ಟು ಸತಾಯಿಸುವುದಿಲ್ಲ. ಟೆಸ್ಟ್ ಮಷೀನಿನಲ್ಲಿ ರಾತ್ರಿ ಓಡಲು ಬಿಟ್ಟು, ಬೆಳಗ್ಗೆ ನಿಲ್ಲಿಸಿ, ಫೈಲನ್ನು ಲ್ಯಾಪ್‌ಟಾಪ್‌ಗೆ ಎಳೆದುಕೊಳ್ಳುತ್ತೇನೆ. ಅದು ಬರುವಷ್ಟರಲ್ಲಿ ಕೆಳಗಿನ ದರ್ಶಿನಿಯಲ್ಲಿ ಬೈಟೂ ಕಾಫಿ. ವಾಪಸ್ ಬಂದು ನೇರ ಫ್ಲೇಮ್ ಗ್ರಾಫ್. ಯಾವ ಫಂಕ್ಷನ್ ಎಷ್ಟು ಮೆಮೊರಿ ಕೇಳಿದೆ ಅಂತ ಬಣ್ಣದ ಪಟ್ಟಿಗಳ ಮೇಲೆ ಮೌಸ್ ಆಡಿಸುತ್ತಾ ಕೂತರೆ ಹತ್ತೂವರೆ ಆಗಿದ್ದೇ ಗೊತ್ತಾಗುವುದಿಲ್ಲ. (ಡಿಬಗ್ ಸಿಂಬಲ್ ಹಾಕಿಕೊಳ್ಳಿ, ಇಲ್ಲದಿದ್ದರೆ ಫಂಕ್ಷನ್ ಹೆಸರಿನ ಜಾಗದಲ್ಲಿ ಬರೀ ನಂಬರ್ ಕಾಣುತ್ತವೆ.)

ಆದರೆ ಎಷ್ಟು ದಿನ ನೋಡಿದರೂ ಮೆಮೊರಿ ಬಳಕೆಯ ಗ್ರಾಫ್ ಏರಲೇ ಇಲ್ಲ. ಲೀಕ್ (ಕೇಳಿದ ಮೆಮೊರಿ ವಾಪಸ್ ಕೊಡದಿರುವುದು) ಇದ್ದರೆ ಏರಬೇಕಿತ್ತು. ಟೆಸ್ಟ್ ಲೋಡ್ ಸಾಲದು ಅಂದುಕೊಂಡು, ಒಂದು ಶನಿವಾರ ಸಂಜೆ ಮೈನಸ್ ಪಿ (ಓಡುತ್ತಿರುವ ಪ್ರೊಸೆಸ್‌ಗೆ ಸಿಕ್ಕಿಸುವ ಆಯ್ಕೆ) ಕೊಟ್ಟು ಅಸಲಿ ಸರ್ವರ್‌ಗೇ ಸಿಕ್ಕಿಸಿದೆ. ಹೀಗೆ ಮಾಡಿದರೆ ಕ್ರ್ಯಾಶ್ ಆಗಬಹುದು, ಅದರಲ್ಲೂ ಬಿಡಿಸುವಾಗ, ಅಂತ ಅದು ದೊಡ್ಡದಾಗಿ ಎಚ್ಚರಿಕೆ ತೋರಿಸುತ್ತದೆ. ಓದಿದೆ. ಮುಂದುವರಿದೆ. ಇಪ್ಪತ್ತು ನಿಮಿಷ ಏನೂ ಆಗಲಿಲ್ಲ, ಬಿಡಿಸಿದ ಕೂಡಲೇ ಸರ್ವರ್ ಮಲಗಿತು. "ಏನ್ ಸಾರ್, ಬಿಲ್ಲೇ ಬರ್ತಿಲ್ಲ, ಕಸ್ಟಮರ್ ಕ್ಯೂ ನಿಂತವ್ರೆ" ಅಂತ ಗಾಂಧಿ ಬಜಾರಿನಿಂದ ಫೋನು. ಎಚ್ಚರಿಕೆ ಕೊಟ್ಟಿದ್ದರೇನು, ಸಿಟ್ಟು ಸಿಟ್ಟೇ. ಎರಡು ತಿಂಗಳು ಅದರ ಮುಖ ನೋಡಲಿಲ್ಲ.

ಆಮೇಲೊಂದು ದಿನ ಹಳೇ ಫೈಲ್ ತೆರೆದಾಗ ಮೊದಲ ಪುಟ ಓದಿದೆ, ಯಾವಾಗಲೂ ಹಾರಿಸುತ್ತಿದ್ದ ಪುಟ. ಪ್ರೋಗ್ರಾಂ ಕೇಳಿದ ಗರಿಷ್ಠ ಹೀಪ್ (ಓಡುವಾಗ ಕೇಳಿ ಪಡೆಯುವ ಮೆಮೊರಿ) ಒಂದು ಸಾಲಿನಲ್ಲಿ, ಪ್ರೊಸೆಸ್ ನಿಜವಾಗಿ ಹಿಡಿದ ಗರಿಷ್ಠ ಮೆಮೊರಿ ಇನ್ನೊಂದರಲ್ಲಿ. ನಡುವೆ ದೊಡ್ಡ ಅಂತರ. ಎರಡನೆಯದರಲ್ಲಿ ಹೀಪ್‌ಟ್ರ್ಯಾಕ್‌ನ ಸ್ವಂತ ಖರ್ಚೂ ಸೇರಿರುತ್ತದೆ, ಆದರೆ ಅಷ್ಟೊಂದು ಇರುವುದಿಲ್ಲ. ಅಂದರೆ ಲೀಕ್ ಇರಲೇ ಇಲ್ಲ. ಮೈಎಸ್‌ಕ್ಯುಎಲ್ ವಾಪಸ್ ಕೊಟ್ಟ ಮೆಮೊರಿಯನ್ನು ಜಿಲಿಬ್‌ಸಿ (ಲಿನಕ್ಸ್‌ನಲ್ಲಿ ಮೆಮೊರಿ ಹಂಚುವ ಲೈಬ್ರರಿ) ತನ್ನ ಅರೀನಾಗಳಲ್ಲೇ, ಅಂದರೆ ತನ್ನದೇ ಸಂಗ್ರಹಗಳಲ್ಲೇ, ಇಟ್ಟುಕೊಂಡಿತ್ತು. ಮೆಮೊರಿ ಹಂಚಲು ಅದರ ಬದಲು ಜೆಇಮ್ಯಾಲಕ್ ಹಾಕಿದೆ. ಈಗ 5 ಜಿಬಿ ಆಸುಪಾಸಿನಲ್ಲೇ ಇದೆ.

ಹೀಪ್‌ಟ್ರ್ಯಾಕ್ ಪುಕ್ಕಟೆ, ಆದರೆ ಟೆಸ್ಟ್‌ಗೆ ಇನ್ನೊಂದು ಮಷೀನು ಬೇಕೇ ಬೇಕು. ನಾನು ಹಳೇ ಡೆಸ್ಕ್‌ಟಾಪ್‌ಗೆ ಎಸ್.ಪಿ. ರೋಡಿನಿಂದ ರ್‍ಯಾಮ್ ತಂದು ಹಾಕಿದೆ. ಅಷ್ಟೂ ಇಲ್ಲದವರು ಮೊದಲು ಮೈಎಸ್‌ಕ್ಯುಎಲ್‌ನದೇ ಸಿಸ್ ಸ್ಕೀಮಾದಲ್ಲಿ (ಸರ್ವರ್‌ನ ಒಳಲೆಕ್ಕ ತೋರಿಸುವ ಟೇಬಲ್‌ಗಳು) ಮೆಮೊರಿ ಲೆಕ್ಕ ನೋಡಿ, 8.0ರಲ್ಲಿ ತಾನಾಗೇ ಆನ್ ಇರುತ್ತದೆ, 5.7ರಲ್ಲಿ ಬಹುಪಾಲು ನಾವೇ ಆನ್ ಮಾಡಬೇಕು. ಅಸಲಿ ಸರ್ವರ್‌ನಿಂದ ಹೀಪ್‌ಟ್ರ್ಯಾಕನ್ನು ತೆಗೆದೇ ಹಾಕಿದ್ದೇನೆ. ನನ್ನ ಕೈ ಸುಮ್ನಿರುವುದಿಲ್ಲ.