ಬಾಟಲಿ ಇಲ್ಲದ ಗಾಳಿ ರಿವೆಟ್ ಗನ್ನನ್ನು ದಯವಿಟ್ಟು ಕೊಳ್ಳಬೇಡಿ, ಕೈಗೂ ತೆಗೆದುಕೊಳ್ಳಬೇಡಿ

ಹಾಸನ, ಆಲೂರು, ಸಕಲೇಶಪುರದ ಕಡೆ ಗೂಡ್ಸ್ ಗಾಡಿಗಳಿಗೆ ಅಲ್ಯೂಮಿನಿಯಂ ಶೀಟಿನ ಬಾಡಿ ಕಟ್ಟುವವರಿಗೆ ಮತ್ತು ಕಾಫಿ ತೋಟಗಳ ಗೋದಾಮುಗಳಲ್ಲಿ ಶೀಟು ಕೆಲಸ ಮಾಡುವವರಿಗೆ ಈ ಬರಹ. ರಿವೆಟ್ ಎಂದರೆ ಎರಡು ಶೀಟುಗಳನ್ನು ಬಿಗಿದು ಹಿಡಿಯುವ ಟೊಳ್ಳಾದ ಲೋಹದ ತುಂಡು; ಅದರ ನಡುವಿನ ಮೊಳೆಯನ್ನು ಗನ್ ಎಳೆದು ಮುರಿಯುತ್ತದೆ. ಕಂಪ್ರೆಸರಿನ ಗಾಳಿಯಿಂದ ನಡೆಯುವ ರಿವೆಟ್ ಗನ್ನುಗಳನ್ನು ರಿಪೇರಿ ಮಾಡಿ ಅರ್ಧ ಬೆಲೆಗೆ ಮಾರುವವರು ನಮ್ಮ ಊರಿನಲ್ಲೂ ಇದ್ದಾರೆ. ಅಂಥ ಗನ್ನಿನ ಹಿಂಭಾಗದಲ್ಲಿ ತುಂಡಾದ ಮೊಳೆಗಳನ್ನು ಹಿಡಿಯುವ ಬಾಟಲಿ ಇಲ್ಲದಿದ್ದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಅಂಥದೊಂದು ಗನ್ನಿನಿಂದ ನಾನು ಕೆಲಸ ಮಾಡುವ ಶೆಡ್ಡಿನ ಹುಡುಗನೊಬ್ಬನ ಬಲಗಣ್ಣಿಗೆ ಪೆಟ್ಟಾಗಿದೆ. ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ ಸೀಳಿ ಹೊಲಿಗೆ ಹಾಕಬೇಕಾಯಿತು. ನೋಟ ಇನ್ನೂ ಪೂರ್ತಿ ಮರಳಿಲ್ಲ.

ಈ ಗನ್ ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಅಪಾಯ ಇರುವುದೇ ಅಲ್ಲಿ. ಹಿಡಿಯ ಕೆಳಗಿನ ದಪ್ಪ ಸಿಲಿಂಡರಿನಲ್ಲಿ ಗಾಳಿ ಒಂದು ಅಗಲವಾದ ಪಿಸ್ಟನ್ನನ್ನು ತಳ್ಳುತ್ತದೆ. ಆ ಪಿಸ್ಟನ್ನಿಗೆ ಜೋಡಿಸಿದ ಸಣ್ಣ ರಾಡು ಹಿಡಿಯೊಳಗಿನ ಹೈಡ್ರಾಲಿಕ್ ಎಣ್ಣೆಯನ್ನು ಒತ್ತುತ್ತದೆ. ಅಗಲವಾದ ಜಾಗದ ಬಲವೆಲ್ಲ ಕಿರಿದಾದ ಜಾಗಕ್ಕೆ ಬೀಳುವುದರಿಂದ ಎಣ್ಣೆಯ ಒತ್ತಡ ಗಾಳಿಯ ಒತ್ತಡಕ್ಕಿಂತ ಹಲವಾರು ಪಟ್ಟು ಹೆಚ್ಚಾಗುತ್ತದೆ, ಆ ಎಣ್ಣೆಯೇ ಗನ್ನಿನ ತಲೆಯಲ್ಲಿರುವ 'ಜಾ'ಗಳನ್ನು ಹಿಂದಕ್ಕೆ ಎಳೆಯುತ್ತದೆ. ಜಾ ಎಂದರೆ ರಿವೆಟ್ಟಿನ ಮೊಳೆಯನ್ನು ಕಚ್ಚಿ ಹಿಡಿಯುವ ಹಲ್ಲಿನ ತುಂಡುಗಳು. ಮೊಳೆಯ ತಲೆ ಶೀಟಿನ ಹಿಂದೆ ರಿವೆಟ್ಟನ್ನು ಉಬ್ಬಿಸಿ, ಎಳೆತ ಒಂದು ಮಟ್ಟ ತಲುಪಿದಾಗ ಮೊಳೆ ತನ್ನ ಸಣ್ಣ ಕತ್ತಿನಲ್ಲಿ ಟಕ್ಕನೆ ತುಂಡಾಗುತ್ತದೆ. ಟ್ರಿಗರ್ ಬಿಟ್ಟಾಗ ಜಾ ಸಡಿಲವಾಗಿ, ಆ ತುಂಡು ತಲೆಯ ಹಿಂದಿನ ಕೊಳವೆಯ ಮೂಲಕ ಗಾಳಿಯ ಜೊತೆ ಹೊರಗೆ ಬರುತ್ತದೆ. 4.8 ಮಿಮೀ ರಿವೆಟ್ಟಾದರೆ ಅದು ಸುಮಾರು 3 ಮಿಮೀ ದಪ್ಪದ ಉಕ್ಕಿನ ಕಡ್ಡಿ, ಮುರಿದ ತುದಿ ಚೂಪಾಗಿರುತ್ತದೆ. ಅದು ಹೊರಬರುವ ದಿಕ್ಕು ಯಾವುದು ಎಂದು ಗನ್ ಹಿಡಿದು ನೋಡಿ. ಸೊಂಟದ ಎತ್ತರದಲ್ಲಿ ಹೊಡೆಯುವಾಗ ನಿಮ್ಮ ಹೊಟ್ಟೆಯ ಕಡೆಗೆ, ಎದೆಗಿಂತ ಮೇಲೆ ಹೊಡೆಯುವಾಗ ನೇರವಾಗಿ ನಿಮ್ಮ ಮುಖದ ಕಡೆಗೆ. ಅಲ್ಲಿ ಕೂರಬೇಕಾದದ್ದೇ ಆ ಬಾಟಲಿ. ಕೆಲವು ಗನ್ನುಗಳಲ್ಲಿ ಬಾಟಲಿ ಬಿಚ್ಚಿದರೆ ಗಾಳಿಯೇ ನಿಲ್ಲುವ ವ್ಯವಸ್ಥೆ ಇರುತ್ತದೆ, ತಯಾರಿಸಿದವರು ಅದನ್ನು ಅಷ್ಟು ಮುಖ್ಯವೆಂದು ತಿಳಿದಿದ್ದಾರೆ.

ನಮ್ಮ ಯಜಮಾನರು ತಂದ ಗನ್ನಿನಲ್ಲಿ ಬಾಟಲಿ ಕೂರುವ ಜಾಗದ ಥ್ರೆಡ್ಡೇ ಸವೆದು ಹೋಗಿತ್ತು. ಅವರು ಅದನ್ನು ಗಮನಿಸಿ ಕೇಳಿದ್ದಕ್ಕೆ ಅಂಗಡಿಯವರು, "ಬಾಟ್ಲಿ ಬರೀ ಕಸ ಬೀಳ್ದಂಗೆ ಇರೋದು ಕಣಣ್ಣ, ಇಲ್ದಿದ್ರೂ ಗನ್ ಹೊಡೀತದೆ" ಎಂದು ಹೇಳಿ ಕಳುಹಿಸಿದರು. ಈ ಮಾತನ್ನು ಯಾರೇ ಹೇಳಿದರೂ ನಂಬಬೇಡಿ. ನೆಲದ ಮೇಲೆ ಮೊಳೆ ಬೀಳದಂತೆ ನೋಡಿಕೊಳ್ಳುವುದೂ ಸಣ್ಣ ವಿಷಯವಲ್ಲ, ಚಪ್ಪಲಿಯಲ್ಲಿ ಓಡಾಡುವ ಶೆಡ್ಡುಗಳಲ್ಲಿ ಕಾಲು ಜಾರುವುದು, ಅಂಗಾಲಿಗೆ ಚುಚ್ಚುವುದು ಅದರಿಂದಲೇ. ಆದರೆ ಬಾಟಲಿಯ ಮೊದಲ ಕೆಲಸ ಮುಖ ಕಾಯುವುದು.

ಶುರುವಿನಲ್ಲಿ ಗನ್ ಹೇಗೋ ನಡೆಯಿತು. ಮಳೆ ಹಿಡಿದ ಮೇಲೆ ಅದು ರಿವೆಟ್ಟನ್ನು ಒಂದೇ ಎಳೆತಕ್ಕೆ ಮುರಿಯುವುದನ್ನು ಬಿಟ್ಟಿತು. ಎರಡು ಸಲ, ಮೂರು ಸಲ ಟ್ರಿಗರ್ ಒತ್ತಬೇಕಾಗುತ್ತಿತ್ತು. ಇದಕ್ಕೆ ಸಾಮಾನ್ಯವಾಗಿ ಇರುವ ಕಾರಣಗಳು ಎರಡು. ಒಳಗಿನ ಸೀಲು ಸವೆದು ಎಣ್ಣೆ ಕಡಿಮೆಯಾದರೆ ಎಳೆತದ ಉದ್ದ ಕಡಿಮೆಯಾಗುತ್ತದೆ. ಜಾ ಹಲ್ಲುಗಳ ಸಂದಿನಲ್ಲಿ ಪುಡಿ ತುಂಬಿದರೆ ಅಥವಾ ಹಲ್ಲು ಮೊಂಡಾದರೆ ಮೊಳೆ ಜಾರುತ್ತದೆ. ನಮ್ಮ ಗನ್ನಿನಲ್ಲಿ ಎರಡೂ ಇದ್ದವು ಎಂಬುದು ಅದನ್ನು ಆಮೇಲೆ ಬಿಚ್ಚಿದಾಗ ಕಂಡಿತು. ಜಾ ಹಲ್ಲುಗಳ ನಡುವೆ ಬೂದು ಬಣ್ಣದ ಅಲ್ಯೂಮಿನಿಯಂ ಹಿಟ್ಟು ಎಣ್ಣೆಯ ಜೊತೆ ಕಲೆತು ಮೇಣದಂತೆ ಗಟ್ಟಿಯಾಗಿತ್ತು, ಗಾಳಿ ಪಿಸ್ಟನ್ನಿನ ಸುತ್ತ ತುಕ್ಕಿನ ನೀರು ನಿಂತು ಸೀಲು ಸವೆದಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆಯ ಗಾಳಿಯಲ್ಲಿ ಎಷ್ಟು ತೇವ ಇರುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. ಆ ತೇವವೆಲ್ಲ ಕಂಪ್ರೆಸರ್ ಟ್ಯಾಂಕಿನಲ್ಲಿ ನೀರಾಗಿ ಕೂರುತ್ತದೆ, ಪ್ರತಿದಿನ ಟ್ಯಾಂಕಿನ ಕೆಳಗಿನ ಡ್ರೇನ್ ಕಾಕ್ ತೆರೆದು ಹರಿಬಿಡದಿದ್ದರೆ ಪೈಪಿನ ಮೂಲಕ ಗನ್ನಿನೊಳಗೆ ಹೋಗುತ್ತದೆ. ಗನ್ನಿಗೆ ಮೊದಲು ನೀರು ಹಿಡಿಯುವ ಫಿಲ್ಟರ್ ಮತ್ತು ಒತ್ತಡ ಹಿಡಿತದಲ್ಲಿಡುವ ರೆಗ್ಯುಲೇಟರ್ ಇರಲೇಬೇಕು. ಅವೆರಡಕ್ಕೂ ಖರ್ಚು ಮಾಡಲು ಮನಸ್ಸಿಲ್ಲದವರು ಗಾಳಿ ಗನ್ನಿನ ಗೊಡವೆಗೆ ಹೋಗದಿರುವುದು ಒಳ್ಳೆಯದು.

ದೋಷ ಹೀಗಿರುವಾಗ ಅಂಗಡಿಯವರು ಫೋನಿನಲ್ಲಿ ಕೊಟ್ಟ ಸಲಹೆ ಒಂದೇ: "ಪ್ರೆಶರ್ ಜಾಸ್ತಿ ಮಾಡ್ಕಳಿ." ಇಂಥ ಗನ್ನುಗಳು ಸಾಮಾನ್ಯವಾಗಿ 5ರಿಂದ 7 ಬಾರ್ ಒತ್ತಡಕ್ಕೆ, ಅಂದರೆ ಶೆಡ್ಡಿನ ಮಾತಿನಲ್ಲಿ 5ರಿಂದ 7 ಕೆಜಿಗೆ, ತಯಾರಾಗಿರುತ್ತವೆ. ಗರಿಷ್ಠ ಎಷ್ಟು ಎಂಬುದು ಗನ್ನಿನ ಮೈಮೇಲೋ ಅದರ ಜೊತೆ ಬರುವ ಪುಸ್ತಿಕೆಯಲ್ಲೋ ಬರೆದಿರುತ್ತದೆ. ರೆಗ್ಯುಲೇಟರ್ ತಿರುಗಿಸಿ 9 ಕೆಜಿಗೆ ಏರಿಸಿದ ಮೇಲೆ ರಿವೆಟ್ ಒಂದೇ ಎಳೆತಕ್ಕೆ ಮುರಿಯತೊಡಗಿತು, ಎಲ್ಲರಿಗೂ ಸಮಾಧಾನವಾಯಿತು. ಎಣ್ಣೆ ಕಡಿಮೆಯಾದ ದೋಷ ಮಾತ್ರ ಹಾಗೆಯೇ ಉಳಿದಿತ್ತು. ಅದರ ಮೇಲೆ ಮೊಳೆಯನ್ನು ಹೊರಗೆ ಎಸೆಯುವ ಗಾಳಿಯೂ ಬಿರುಸಾಗಿತ್ತು.

ಹುಡುಗ ಮೊಣಕಾಲೂರಿ ಕುಳಿತು ಬಾಡಿಯ ಕೆಳಪಟ್ಟಿಗೆ ರಿವೆಟ್ ಹೊಡೆಯುತ್ತಿದ್ದ. ನಾನು ಅದೇ ಬಾಡಿಯ ಇನ್ನೊಂದು ಬದಿಯಲ್ಲಿ ಕ್ಲಾಂಪ್ ಕಟ್ಟುತ್ತಿದ್ದೆ. ಕುಳಿತವನ ಮುಖ ಗನ್ನಿನ ಮಟ್ಟಕ್ಕೇ ಬಂದಿತ್ತು. ಮೊಳೆ ಮುರಿಯುವ ಸದ್ದು, ಅದರ ಹಿಂದೆಯೇ ಅವನ ಕೂಗು ಕೇಳಿಸಿತು. ನಾವು ಹತ್ತಿರ ಹೋಗುವಷ್ಟರಲ್ಲಿ ಅವನು ಅಂಗೈಯಿಂದ ಕಣ್ಣನ್ನು ಒತ್ತಿ ಹಿಡಿದಿದ್ದ, ಮೊಳೆ ಸಿಡಿದು ಪಕ್ಕದ ಶೀಟಿನ ಮೇಲೆ ಬಿದ್ದಿತ್ತು. ಕಣ್ಣಿಗೆ ಲೋಹ ಬಡಿದಾಗ ಒತ್ತಲೂಬಾರದು, ಉಜ್ಜಲೂಬಾರದು. ಗುಡ್ಡೆ ಸೀಳಿರುವ ಸಂಶಯವಿದ್ದರೆ ನೀರು ಹಾಕಿ ತೊಳೆಯಬಾರದು, ಚುಚ್ಚಿಕೊಂಡ ವಸ್ತುವನ್ನು ಕೀಳಬಾರದು. ಕಣ್ಣಿನ ಸುತ್ತಲಿನ ಮೂಳೆಯ ಮೇಲೆ ಮಾತ್ರ ಕೂರುವಂತೆ ಒಂದು ಕಾಗದದ ಲೋಟವನ್ನು ಮುಚ್ಚಿ ಪಟ್ಟಿ ಕಟ್ಟಿ, ಕಣ್ಣಿನ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ತಡ ಮಾಡದೆ ಕರೆದೊಯ್ಯಬೇಕು. ಅರಿವಳಿಕೆ ಕೊಡಬೇಕಾಗಬಹುದಾದ್ದರಿಂದ ದಾರಿಯಲ್ಲಿ ತಿನ್ನಲು, ಕುಡಿಯಲು ಏನೂ ಕೊಡಬಾರದು. ಕಣ್ಣಿನೊಳಗೆ ಕಬ್ಬಿಣದ ಚೂರು ಉಳಿದಿರಬಹುದಾದರೆ ಎಂಆರ್‌ಐ ಮಾಡುವುದು ಅಪಾಯ, ಆದ್ದರಿಂದ ಬಡಿದದ್ದು ಉಕ್ಕಿನ ಮೊಳೆ ಎಂದು ವೈದ್ಯರಿಗೆ ಮೊದಲೇ ಹೇಳಿಬಿಡಿ.

ಕನ್ನಡಕ ಏಕೆ ಹಾಕಿರಲಿಲ್ಲ ಎಂದು ಕೇಳುವವರಿದ್ದಾರೆ. ಶೆಡ್ಡಿನಲ್ಲಿ ಸುರಕ್ಷತಾ ಕನ್ನಡಕ ಇತ್ತು. ಮಳೆಗಾಲದಲ್ಲಿ ಅದರ ಒಳಗೆ ಮಂಜು ಕಟ್ಟಿ ಏನೂ ಕಾಣದೆ, ಹುಡುಗರು ತೆಗೆದಿಡುತ್ತಿದ್ದರು. ಆ ಹುಡುಗನನ್ನು ಇದಕ್ಕಾಗಿ ದೂರುವುದು ನನಗೆ ಸರಿ ಕಾಣುವುದಿಲ್ಲ. ಮಂಜು ಕಟ್ಟದ, ಪಕ್ಕಗಳೂ ಮುಚ್ಚಿರುವ ಕನ್ನಡಕಗಳು ಸಿಗುತ್ತವೆ, ಅವುಗಳನ್ನು ತಂದುಕೊಡುವುದು ಕೆಲಸ ಮಾಡಿಸುವವರ ಹೊಣೆ. ಚೂರು ಸಿಡಿಯುವ ಕೆಲಸಗಳಲ್ಲಿ ಕಣ್ಣಿಗೆ ರಕ್ಷಣೆ ಕೊಡಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 35ನೇ ಸೆಕ್ಷನ್ ಹೇಳಿತ್ತು. ನಾಲ್ಕಾರು ಜನರ ಶೆಡ್ಡುಗಳು ಆ ಲೆಕ್ಕಕ್ಕೆ ಬರುತ್ತಿರಲಿಲ್ಲ ಎಂಬುದು ನಿಜ, ಆದರೆ ಮೊಳೆಗೆ ಆ ಲೆಕ್ಕ ಗೊತ್ತಿರುವುದಿಲ್ಲ.

ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಘಟನೆಯ ನಂತರ ಅಂಗಡಿಯ ಕಡೆಯಿಂದ ರಿಪೇರಿಗೆ ಬಂದವರು ಗಾಳಿ ಪೈಪ್ ಬಿಚ್ಚದೆಯೇ ಎಣ್ಣೆ ತುಂಬಿಸುವ ಸ್ಕ್ರೂ ಸಡಿಲಿಸಿದರು. ಕೈ ತಾಕಿ ಟ್ರಿಗರ್ ಒತ್ತಿಹೋಯಿತು, ಎಣ್ಣೆ ಸೂಜಿಯಂತೆ ಹಾರಿ ಎದುರಿನ ಗೋಡೆಗೆ ಬಡಿಯಿತು. ಅದು ಯಾರ ಕೈಗೂ ತಾಗಲಿಲ್ಲ. ಆ ಒತ್ತಡದ ಎಣ್ಣೆ ಚರ್ಮದೊಳಗೆ ಹೊಕ್ಕರೆ ಹೊರಗೆ ಕಾಣುವುದು ಸಣ್ಣ ಚುಕ್ಕೆ ಮಾತ್ರ, ಮೊದಮೊದಲು ನೋವೂ ಹೆಚ್ಚಿರುವುದಿಲ್ಲ. ಒಳಗೆ ಮಾಂಸ ಸಾಯುತ್ತಾ ಹೋಗಿ, ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು. ಎಣ್ಣೆ ಹಾಕುವುದಿರಲಿ, ರಿವೆಟ್ಟಿನ ಮೊಳೆ ತೂರಿಸುವ ಮುಂದಿನ ತುದಿಯಾದ ನಾಜಲ್ ಬದಲಿಸುವುದಿರಲಿ, ಸಿಕ್ಕಿಕೊಂಡ ಮೊಳೆ ತೆಗೆಯುವುದಿರಲಿ, ಮೊದಲು ಪೈಪನ್ನು ಗನ್ನಿನಿಂದ ಬಿಚ್ಚಿ, ಆಮೇಲೆ ಸ್ಪ್ಯಾನರ್ ಕೈಗೆ ತೆಗೆದುಕೊಳ್ಳಿ. ಎಣ್ಣೆ ತುಂಬುವ ಕ್ರಮ ಗನ್ನಿನಿಂದ ಗನ್ನಿಗೆ ಬೇರೆಯಾಗಿರುತ್ತದೆ, ಪುಸ್ತಿಕೆ ಇಲ್ಲದ ಗನ್ನನ್ನು ಅಂದಾಜಿನ ಮೇಲೆ ಬಿಚ್ಚಬೇಡಿ.

ಗನ್ ಸರಿಯಾಗಿದ್ದರೂ ಅದರ ಮೇಲೆ ಭಾರ ಹೆಚ್ಚುವುದು ತೂತಿನ ಕೆಲಸ ಕೆಟ್ಟಾಗ. 4.8 ಮಿಮೀ ರಿವೆಟ್ಟಿಗೆ 4.9 ಅಥವಾ ಹೆಚ್ಚೆಂದರೆ 5 ಮಿಮೀ ಡ್ರಿಲ್ ಬಿಟ್ ಸಾಕು, 3.2ಕ್ಕೆ 3.3. ನಾಜಲ್ ಕೂಡ ಆಯಾ ರಿವೆಟ್ಟಿನದೇ ಆಗಿರಬೇಕು. ರಿವೆಟ್ ಎಷ್ಟು ದಪ್ಪದ ಜೋಡಣೆಯನ್ನು ಹಿಡಿಯುತ್ತದೆ ಎಂಬುದು ಅದರ ಡಬ್ಬಿಯ ಮೇಲೆ ಇರುತ್ತದೆ, ಎರಡು ಶೀಟಿನ ದಪ್ಪ ಕೂಡಿಸಿ ಅದಕ್ಕೆ ಹೊಂದಿಸಿಕೊಳ್ಳಬೇಕು. ಶೀಟಿನ ಅಂಚಿನಿಂದ ತೂತಿನ ನಡುವಿಗೆ ಕನಿಷ್ಠ ರಿವೆಟ್ಟಿನ ದಪ್ಪದ ಎರಡರಷ್ಟು ಅಂತರ ಬಿಡಿ. ಗನ್ನನ್ನು ಶೀಟಿಗೆ ನೇರವಾಗಿ ಹಿಡಿಯಿರಿ. ಓರೆಯಾದರೆ ಮೊಳೆ ಬಾಗಿ, ಜಾ ಹಲ್ಲುಗಳಲ್ಲಿ ಸಿಕ್ಕಿ, ಎರಡನೆಯ ಸಲ ಒತ್ತುವ ಪ್ರಮೇಯ ಬರುತ್ತದೆ. ಎರಡನೆಯ ಸಲ ಒತ್ತಬೇಕಾಗಿ ಬಂದರೆ ಕೆಲಸ ನಿಲ್ಲಿಸಿ ಜಾ ತೊಳೆಯಿರಿ, ಎಣ್ಣೆ ನೋಡಿಸಿ, ರೆಗ್ಯುಲೇಟರ್ ಮುಟ್ಟಬೇಡಿ. ಹೊಡೆಯುವವರ ಹಿಂದೆ ಯಾರೂ ನಿಲ್ಲಬಾರದು. ಬಾಟಲಿ ಅರ್ಧ ತುಂಬಿದಾಗಲೇ ಖಾಲಿ ಮಾಡಬೇಕು, ಏಕೆಂದರೆ ತುಂಬಿದ ಬಾಟಲಿಯಿಂದ ಮೊಳೆ ಕೊಳವೆಗೇ ಹಿಂದಿರುಗಿ ಸಿಕ್ಕಿಕೊಳ್ಳುತ್ತದೆ.

ಸಾರಿಗೆ ಸಂಸ್ಥೆಯ ಪ್ರಾದೇಶಿಕ ಕಾರ್ಯಾಗಾರ ಹಾಸನದಲ್ಲೇ ಇರುವುದರಿಂದ ಬಾಡಿ ಕೆಲಸ ಬಲ್ಲ ಹಿರಿಯರಿಗೆ ನಮ್ಮಲ್ಲಿ ಕೊರತೆಯಿಲ್ಲ. ಹಳೆಯ ಗನ್ ಕೊಳ್ಳುವ ಮುನ್ನ ಅಂಥವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ರೆಗ್ಯುಲೇಟರ್ 6 ಕೆಜಿಯಲ್ಲಿ ಇರಿಸಿ, ನೀವು ಬಳಸುವ ಅತಿ ದಪ್ಪದ ರಿವೆಟ್ಟನ್ನೇ ಅಂಗಡಿಯಲ್ಲಿ ಬಾಟಲಿ ಹಾಕಿಸಿ ಹೊಡೆಸಿ ನೋಡಿ. ಬಾಟಲಿಯನ್ನು ಕೈಯಿಂದ ತಿರುಗಿಸಿ ಕೂರಿಸಿದಾಗ ಅದು ಅಲುಗಾಡಬಾರದು. ಟೇಪ್ ಸುತ್ತಿ ನಿಲ್ಲಿಸಿದ ಬಾಟಲಿಯೂ ಬಾಟಲಿಯಲ್ಲ.

ನಮ್ಮ ಯಜಮಾನರು ಆ ಗನ್ನನ್ನು ಅಂಗಡಿಗೆ ಹಿಂದಿರುಗಿಸಿದ್ದಾರೆ. ಹಣ ಬರಲಿಲ್ಲ, ಹುಡುಗನ ಚಿಕಿತ್ಸೆಗೂ ಅಂಗಡಿಯವರು ಏನೂ ಕೊಡಲಿಲ್ಲ. ಗನ್ ಬಣ್ಣ ಹಚ್ಚಿಸಿಕೊಂಡು ಮತ್ತೆ ಮಾರಾಟಕ್ಕೆ ಬರುವ ಸಾಧ್ಯತೆ ಇದೆ. ಹಿಡಿಯ ಎಡಬದಿಯಲ್ಲಿ ವೈಸಿಗೆ ಕಚ್ಚಿಸಿದ ಎರಡು ಆಳವಾದ ಗೀರುಗಳಿವೆ, ಹಿಂದಿನ ಬಾಟಲಿ ಥ್ರೆಡ್ಡಿನ ಮೊದಲ ಎರಡು ಸುತ್ತು ಪೂರ್ತಿ ನುಣುಪಾಗಿವೆ. ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಅಂಥ ಗನ್ ನಿಮ್ಮ ಕೈಗೆ ಬಂದರೆ ತೆಗೆದುಕೊಳ್ಳಬೇಡಿ, ಪಕ್ಕದ ಶೆಡ್ಡಿನವರಿಗೂ ತಿಳಿಸಿ.