ಹಳೆ ಮೌಂಟನ್ ಬೈಕಿಗೆ ಹೇಯ್ಸ್ ಬ್ರೇಕೋ, ಶಿಮಾನೊ ಬ್ರೇಕೋ?

ಕಲಬುರಗಿಯಲ್ಲಿ ಹಳೆ ಮೌಂಟನ್ ಸೈಕಲ್ಲಿಗೆ ಹೈಡ್ರಾಲಿಕ್ ಡಿಸ್ಕ್ (ಎಣ್ಣೆಯ ಒತ್ತಡದಲ್ಲಿ ನಡೆಯುವ ಬ್ರೇಕ್) ಹಾಕಿಸುವವರು ಮೊದಲು ಅದರ ಎಣ್ಣೆ ಯಾವುದು ಅಂತ ನೋಡಬೇಕು. ಹೇಯ್ಸ್‌ನ ಎಚ್‌ಎಫ್‌ಎಕ್ಸ್ ಮಾಡೆಲಿಗೆ ಡಾಟ್ 4 ಅನ್ನೋ ಬ್ರೇಕ್ ಎಣ್ಣೆ ನಡೆಯುತ್ತದೆ. ಅದು ಮೋಟಾರ್‌ಸೈಕಲ್ ಸ್ಪೇರ್ಸ್ ಅಂಗಡಿಯಲ್ಲೇ ಸಿಗುತ್ತದೆ. ಆದರೆ ಗಾಳಿಯ ತೇವ ಹೀರುತ್ತದೆ, ವರ್ಷಕ್ಕೊಮ್ಮೆ ಬದಲಿಸಿದರೆ ಒಳ್ಳೆಯದು. ಹನಿ ಬಿದ್ದರೆ ಪೇಂಟ್ ಏಳುತ್ತದೆ. ನನ್ನ ಫ್ರೇಮಿನ ಮೇಲೆ ತೊಗರಿಬೇಳೆಯಷ್ಟು ಗುರುತು ಇನ್ನೂ ಇದೆ.

ಶಿಮಾನೊದ ಹಳೆ ಎಕ್ಸ್‌ಟಿ ಮಾಡೆಲಿಗೆ ಮಿನರಲ್ ಆಯಿಲ್. ತೇವ ಹೀರುವುದಿಲ್ಲ, ಪೇಂಟ್ ತಿನ್ನುವುದಿಲ್ಲ. ನಾನಂತೂ ಆನ್‌ಲೈನಲ್ಲಿ ತರಿಸುತ್ತೇನೆ. ಸಿಗಲಿಲ್ಲ ಅಂತ ಡಾಟ್ ಸುರಿದೀರಿ, ಜೋಕೆ! ಒಳಗಿನ ರಬ್ಬರ್ ಸೀಲ್ ಉಬ್ಬಿ ಬ್ರೇಕೇ ಹೋಗುತ್ತದೆ. ಮನೆಯಲ್ಲೇ ರಿಪೇರಿ ಮಾಡುವವರಿಗೆ ನಾನು ಶಿಮಾನೊವನ್ನೇ ಹೇಳುತ್ತೇನೆ.

ಯಾವುದೇ ಇರಲಿ, ಫ್ರೇಮಿಗೆ ಡಿಸ್ಕ್ ಮೌಂಟ್ (ಡಿಸ್ಕ್ ಬ್ರೇಕ್ ಕೂರಿಸುವ ಜಾಗ) ಇದೆಯಾ ನೋಡಿ. ಹಳೆ ಬ್ರೇಕ್ ಕೊಳ್ಳುವಾಗ ಅದರ ಲಿವರ್ ಒಂದು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನಿಧಾನಕ್ಕೆ ಒಳಗೆ ಇಳಿದರೆ ಕೊಳ್ಳಬೇಡಿ.